ಒಂದು ಲೀಟರಿನ ಪ್ರವಾಸ

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಶಿವಮೊಗ್ಗದ ನಮ್ಮ ಮನೆ ಬಿಟ್ಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಐವತ್ತೊಂದನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವಳು ನಾನು. ಮೂರು ವರ್ಷದಲ್ಲಿ ಕಾರಿಗೆ ಬಿದ್ದ ಗೀರು ಒಂದೇ, ಅದೂ ನಮ್ಮದೇ ಗೇಟಿನ ತಪ್ಪು. ಪಕ್ಕದಲ್ಲಿ ನಮ್ಮ ಯಜಮಾನರು ಮಫ್ಲರ್ ಸುತ್ತಿಕೊಂಡು, ಕಾಲ ನಡುವೆ ಒಂದು ಲೀಟರಿನ ನೀರಿನ ಬಾಟಲಿ ಇಟ್ಟುಕೊಂಡು ಕೂತಿದ್ದರು. ಆ ಬಾಟಲಿಯ ಕಥೆಯನ್ನು ಮೊದಲು ಹೇಳದಿದ್ದರೆ ಈ ಪ್ರವಾಸ ಅರ್ಥವಾಗುವುದಿಲ್ಲ.

ಎರಡು ವರ್ಷದಿಂದ ಇವರಿಗೆ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಕಿಡ್ನಿ ಕೈಕೊಟ್ಟವರ ಮೈಯಿಂದ ನೀರು ಹೊರಗೆ ಹೋಗುವುದಿಲ್ಲ, ಆದ್ದರಿಂದ ಒಳಗೆ ಹೋಗುವುದಕ್ಕೆ ಲೆಕ್ಕ ಬೇಕು. ಡಾಕ್ಟರು ದಿನಕ್ಕೆ ಒಂದು ಲೀಟರ್ ಎಂದು ಗೆರೆ ಹಾಕಿದ್ದರು. ಕಾಫಿ, ಸಾರು, ಮಜ್ಜಿಗೆ ಎಲ್ಲವೂ ಅದರೊಳಗೇ. ನಾನು ಅದಕ್ಕೊಂದು ಪದ್ಧತಿ ಮಾಡಿದ್ದೆ. ಬೆಳಿಗ್ಗೆ ಬಾಟಲಿ ತುಂಬುವುದು. ಬೇರೆ ಏನೇ ಕುಡಿದರೂ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯುವುದು. ಉಳಿದಷ್ಟು ಆ ದಿನದ ಪಾಲು.

ಕಾಯಿಲೆ ಬರುವ ಮೊದಲು ಇವರು ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಬೈಕಿನಲ್ಲಿ ಸುತ್ತಿ ‘ಪಂಪಿನ ಚಂದ್ರಣ್ಣ’ ಎನಿಸಿಕೊಂಡವರು. ಈಗ ತಿರುಗಾಟವೆಲ್ಲ ಫೋನಿನ ಮ್ಯಾಪಿನಲ್ಲಿ. ಯಂತ್ರದ ಪಕ್ಕ ಮಲಗಿ ಬೆರಳಲ್ಲೇ ನಾರ್ವೆಯ ಘಾಟಿ ಹತ್ತಿದರು, ಲಡಾಖಿಗೆ ಎರಡು ಸಲ ಹೋಗಿಬಂದರು. ಜಪಾನಿನ ಒಂದು ಹಳ್ಳಿಯ ಬಸ್‌ಸ್ಟಾಪು ಅವರಿಗೆ ನಮ್ಮ ಬೀದಿಯಷ್ಟೇ ಪರಿಚಯ. ‘ದೇಶ ಸುತ್ತು, ಕೋಶ ಓದು ಅಂತಾರೆ. ನಾನು ದೇಶಾನ ಕೋಶದ ಹಾಗೆ ಓದ್ತಿದ್ದೀನಿ’ ಎಂದು ನಗುತ್ತಿದ್ದರು. ಆದರೆ ತಾವು ತಿರುಗಿದ ಮೂರು ತಾಲ್ಲೂಕಿನ ಕಡೆಗೆ ಮಾತ್ರ ಅವರ ಬೆರಳು ಒಂದು ದಿನವೂ ಹೋಗಲಿಲ್ಲ. ಅದನ್ನು ನಾನು ಒಂದು ದಿನ ಗಮನಿಸಿದೆ. ಈ ಮನುಷ್ಯ ತನ್ನ ಊರುಗಳನ್ನು ಬಿಟ್ಟುಕೊಟ್ಟಿದ್ದಾನೆ ಅನ್ನಿಸಿತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಇವರು ಮನೆ ಮತ್ತು ಆಸ್ಪತ್ರೆ ಎರಡೇ ಊರಿನವರಾಗುತ್ತಾರೆ ಎಂದು ಭಯವಾಯಿತು.

ಹಾಗಾಗಿ ನಾನೇ ಪ್ಲಾನ್ ಮಾಡಿದೆ. ಹದಿನೈದು ದಿನ ಸಂಜೆ ಫೋನನ್ನು ಟಿವಿಗೆ ಜೋಡಿಸಿ, ಆ ಕಡೆಯ ವಿಡಿಯೋ ಹಾಕಿ, ಇಡೀ ದಾರಿಯನ್ನು ಕೂತಲ್ಲೇ ಓಡಿಸಿದೆ. ತಿರುವು ಎಲ್ಲಿ, ಶೌಚಾಲಯ ಎಲ್ಲಿ, ಯಾವ ಊರಿನಿಂದ ಆಸ್ಪತ್ರೆಗೆ ಎಷ್ಟು ದೂರ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಶುಕ್ರವಾರದ ಡಯಾಲಿಸಿಸ್ ಮುಗಿದ ಮೇಲೆ ಶನಿವಾರ, ಭಾನುವಾರ ಎರಡು ದಿನ ನಮ್ಮದು. ಇದು ಸರಿಹೋದರೆ ಮುಂದೆ ದೊಡ್ಡ ಪ್ರವಾಸ ಮಾಡುವುದು, ಕೆಟ್ಟರೆ ನಾನು ಬಾಯಿ ಮುಚ್ಚುವುದು ಎಂದು ಇಬ್ಬರಿಗೂ ಒಪ್ಪಂದವಾಗಿತ್ತು. ಕೆಡುವುದಿಲ್ಲ ಎಂದು ನನಗೆ ಪೂರ್ತಿ ಧೈರ್ಯವಿತ್ತು.

ಕುಂಸಿ, ಆನಂದಪುರ ದಾಟಿ ಎಂಟರ ಹೊತ್ತಿಗೆ ಸಾಗರ. ದಾರಿಯಲ್ಲಿ ಮಂಜು ದಟ್ಟವಾಗಿತ್ತು, ಲೈಟು ಹಾಕಿಕೊಂಡೇ ಬಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದೆವು. ಚಟ್ನಿ ಮಾತ್ರ, ಸಾಂಬಾರು ಬೇಡವೆಂದೆ. ಊರ ಹೊರಗೆ ಹೋಗುತ್ತಿದ್ದಾಗ ಒಬ್ಬರು ಸ್ಕೂಟರ್ ಅಡ್ಡ ಹಾಕಿ ನಿಲ್ಲಿಸಿದರು. ಇವರು ಹಿಂದೆ ಪಂಪು ಕೂರಿಸಿಕೊಟ್ಟ ಮನೆಯ ಗಣಪತಿ ಹೆಗಡೆಯವರು. ‘ಓಹೋ ಚಂದ್ರಣ್ಣ! ಬದುಕಿದ್ದೀರಾ ಮಾರಾಯ್ರೆ? ಬನ್ನಿ ಬನ್ನಿ, ಮನೆ ಇಲ್ಲೇ’ ಎಂದು ಎಳೆದುಕೊಂಡೇ ಹೋದರು.

ಆ ಸೀಮೆಯ ಮನೆಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಂದವರಿಗೆ ಮೊದಲು ನೀರು, ಬೆಲ್ಲ. ಅದಾದ ಮೇಲೆ ‘ಆಸ್ರಿಗೆ ಎಂತ?’ ಎಂಬ ಪ್ರಶ್ನೆ. ಆಸ್ರಿ ಎಂದರೆ ಬಾಯಾರಿಕೆಗೆ ಕುಡಿಯುವುದು. ಎಂತ ಕುಡಿಯುತ್ತೀರಿ ಎಂದು ಕೇಳುತ್ತಾರೆಯೇ ಹೊರತು, ಕುಡಿಯುತ್ತೀರಾ ಎಂದು ಯಾರೂ ಕೇಳುವುದಿಲ್ಲ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಇವರು ನೀರು ಕುಡಿದಾಗಿತ್ತು, ಕೋಕಂ ಪಾನಕದ ದೊಡ್ಡ ಲೋಟ ಅರ್ಧ ಖಾಲಿಯಾಗಿತ್ತು. ನಾನು ಕಣ್ಣು ಕೆಂಪಗೆ ಮಾಡಿದೆ. ಇವರು ನನ್ನ ಕಡೆ ನೋಡಲೇ ಇಲ್ಲ. ಹೊರಡುವಾಗ ಹೆಗಡೆಯವರ ಹೆಂಡತಿ ಕಾಫಿ ತಂದರು. ಅದಕ್ಕೂ ಇವರು ‘ಅಡ್ಡಿ ಇಲ್ಲ, ಕೊಡಿ’ ಎಂದರು.

ಕಾರಿನ ಹತ್ತಿರ ಬಂದು ಬಾಟಲಿ ತೆಗೆದು ಬೇಲಿಯ ದಾಸವಾಳಕ್ಕೆ ಸುರಿಯತೊಡಗಿದೆ. ಮುಕ್ಕಾಲು ಪಾಲು ಹೋಯಿತು. ಆಗಿನ್ನೂ ಒಂಬತ್ತೂವರೆ ಗಂಟೆ.

‘ಬಾಯಿ ಇರಲಿಲ್ಲವೇನ್ರೀ? ಬೇಡ ಅನ್ನಬಾರದಿತ್ತಾ?’

‘ಮೂವತ್ತು ವರ್ಷ ಆ ಮನೇಲಿ ಕುಡಿದಿದ್ದೀನಿ ಲಲಿತಾ. ಇವತ್ತು ಹೋಗಿ ಕಾಯಿಲೆ ಪುರಾಣ ಶುರು ಮಾಡ್ಲಾ?’

ಆಗ ನನಗೆ ತಲೆಗೆ ಹೊಳೆಯಿತು. ಇವರ ಬೆರಳು ಫೋನಿನಲ್ಲಿ ಈ ಕಡೆ ಯಾಕೆ ಬರಲಿಲ್ಲವೆಂದರೆ, ಇಲ್ಲಿ ಎಲ್ಲ ಮನೆಯಲ್ಲೂ ಲೋಟ ಮುಂದೆ ಬರುತ್ತದೆ. ನಾರ್ವೆಯಲ್ಲಿ ಯಾರೂ ಆಸ್ರಿಗೆ ಎಂತ ಎಂದು ಕೇಳುವುದಿಲ್ಲ. ನಾನು ತಿರುವು, ಗುಂಡಿ, ಆಸ್ಪತ್ರೆ ಎಲ್ಲ ಬರೆದುಕೊಂಡಿದ್ದೆ. ಉಪಚಾರವನ್ನು ಬರೆದುಕೊಂಡಿರಲಿಲ್ಲ. ಶಿವಮೊಗ್ಗದಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟೂ ನೆನಪಾಗಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಸಾಗರದಿಂದ ಶರಾವತಿ ದಡದ ಹೊಳೆಬಾಗಿಲಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ನಾನು ಟಿವಿಯಲ್ಲಿ ನೋಡಿದ್ದ ವಿಡಿಯೋಗಳಲ್ಲಿ ಅಲ್ಲಿ ವಾಹನಗಳು ಹೊಳೆ ದಾಟಿಸುವ ಲಾಂಚಿಗೆ ಸಾಲಾಗಿ ಕಾಯುತ್ತಿದ್ದವು. ಎದುರಿಗೆ ನೋಡಿದರೆ ಎರಡು ಕಿಲೋಮೀಟರಿಗೂ ಉದ್ದದ ಹೊಸ ಸೇತುವೆ. ಸೇತುವೆಯಾದದ್ದು ಗೊತ್ತಿಲ್ಲದ್ದೇನಲ್ಲ. ಆದರೆ ಹಳೇ ವಿಡಿಯೋ ನೋಡಿ ನೋಡಿ ನನ್ನ ನೋಟ್‌ಬುಕ್ಕಿನಲ್ಲಿ ‘ಲಾಂಚಿಗೆ ಮುಕ್ಕಾಲು ಗಂಟೆ’ ಎಂದೇ ಕೂತಿತ್ತು. ಸೇತುವೆಯ ಮೇಲೆ ನಾಲ್ಕೇ ನಿಮಿಷ. ಎರಡೂ ಕಡೆ ಶರಾವತಿ ಹಿನ್ನೀರು ತುಂಬಿ ನಿಂತಿತ್ತು. ಬಾಯಾರಿದವರನ್ನು ಕೂರಿಸಿಕೊಂಡು ಅಷ್ಟು ನೀರಿನ ಮೇಲೆ ಹೋಗುವುದು ನನಗೇ ಕಷ್ಟವಾಯಿತು.

ಸಿಗಂದೂರಿನಲ್ಲಿ ಕೈಮುಗಿದು, ಹೋಟೆಲೊಂದರಲ್ಲಿ ಊಟಕ್ಕೆ ಕೂತೆವು. ಇವರಿಗೆ ಅನ್ನ, ಪಲ್ಯ. ನಾನು ಕೈ ತೊಳೆಯಲು ಹೋದಾಗ ಮಾವಿನಮಿಡಿ ಉಪ್ಪಿನಕಾಯಿ ಹಾಕಿಸಿಕೊಂಡಿದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇವರಿಗೆ ಆ ಅವಕಾಶವೂ ಇರಲಿಲ್ಲ. ತುಮರಿ ದಾಟುವಾಗ ತುಟಿ ಒಣಗಿ ಬಿಳಿಚಿತ್ತು. ಬಾಟಲಿಯಲ್ಲಿ ಉಳಿದಿದ್ದು ನಾಲ್ಕು ಗುಟುಕು.

‘ತಿರುಗಿಸು ಗಾಡಿ’ ಎಂದರು. ‘ಮನೆಗೆ ಹೋಗೋಣ. ನನಗೆ ಫೋನೇ ಸಾಕು. ಅಲ್ಲಿ ಬಾಯಾರಿಕೆ ಆಗಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸೋತಿದ್ದರು. ನನಗೆ ಅಳು ಒತ್ತಿಬಂತು. ಆದರೆ ಅಳುತ್ತಾ ಗೇರ್ ಹಾಕಲು ಬರುವುದಿಲ್ಲ. ‘ತಿರುಗಿಸಿದ್ರೂ ನೂರು ಕಿಲೋಮೀಟರಿನ ಮೇಲಿದೆ, ಮುಂದೆ ಹೋದ್ರೆ ಮಲಗೋ ಜಾಗ ಹತ್ತಿರ’ ಎಂದು ಮುಂದಕ್ಕೇ ಓಡಿಸಿದೆ. ನಿಟ್ಟೂರು, ನಗರವೆಂಬ ಊರು ದಾಟಿ ನಾಲ್ಕೂವರೆಗೆ ಹೊಸನಗರದ ಹತ್ತಿರದ ಹೋಂಸ್ಟೇ ತಲುಪಿದೆವು.

ಹೋಂಸ್ಟೇ ಎಂದರೆ ಮನೆಯೇ. ಯಜಮಾನಿ ಸರಸ್ವತಕ್ಕ, ಅರವತ್ತರ ಮೇಲಿನವರು, ಮೆಟ್ಟಿಲಲ್ಲೇ ನಿಂತು ಕೇಳಿದರು: ‘ಬನ್ನಿ, ಆಸ್ರಿಗೆ ಎಂತ ಅಡ್ಡಿಲ್ಲ?’

ಇವರು ಬಾಯಿ ತೆಗೆಯುವ ಮೊದಲು ನಾನು ತೆಗೆದೆ. ‘ಅಕ್ಕಾ, ಇವರಿಗೆ ಡಯಾಲಿಸಿಸ್ ಆಗ್ತಿದೆ. ಇವತ್ತಿನ ನೀರಿನ ಪಾಲು ಮುಗಿಯುತ್ತಾ ಬಂದಿದೆ. ಏನೂ ಕೊಡಬೇಡಿ.’ ಇವರು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ.

ಸರಸ್ವತಕ್ಕ ಒಳಗಿದ್ದ ಮಗಳಿಗೆ ಕೂಗಿ ಹೇಳಿದರು: ‘ಏ ಕೂಸೇ, ಇವ್ಕೆ ಜಾಸ್ತಿ ಕುಡಿಯಲಾಗ್ತಿಲ್ಯಡ. ಪಾಪುನ ಒಳಲೆ ತಗಂಡು ಬಾ.’

ಇವರು ಜಾಸ್ತಿ ಕುಡಿಯುವ ಹಾಗಿಲ್ಲವಂತೆ ಎಂದು ಅದರ ಅರ್ಥ. ಒಳಲೆ ಎಂದರೆ ಹಸುಗೂಸಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬೆಳ್ಳಿ ಪಾತ್ರೆ. ಎರಡು ಚಮಚೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಸರಸ್ವತಕ್ಕ ಅದರಲ್ಲಿ ಏಲಕ್ಕಿ ಹಾಕಿದ ಲಿಂಬೆ ಪಾನಕ ತಂದು, ದೊಡ್ಡ ಲೋಟ ಕೊಡುವ ಮರ್ಯಾದೆಯಲ್ಲೇ ತಟ್ಟೆಯ ಮೇಲಿಟ್ಟು ಇವರ ಮುಂದೆ ಹಿಡಿದರು.

‘ಆಸ್ರಿಗೆ ಕೊಡದೆ ನಮಗೆ ಆಗೂದಿಲ್ಲ. ಕೊಡ್ಬೇಕು ಅಂತ ಶಾಸ್ತ್ರ ಇದ್ದು. ಇಷ್ಟೇ ಕೊಡ್ಬೇಕು ಅಂತ ಎಲ್ಲೂ ಇಲ್ಲೆ’ ಎಂದರು.

ಅರವತ್ತೆರಡರ ಗಂಡಸು, ಮೀಸೆ ಇದ್ದವರು, ಒಳಲೆಯ ಮೂತಿಯನ್ನು ಬಾಯಿಗಿಟ್ಟರು. ಮಗಳ ಸೊಂಟದಲ್ಲಿ ಕೂತು ಇವರನ್ನೇ ನೋಡುತ್ತಿದ್ದ ಮಗು ತನ್ನ ಪಾತ್ರೆ ಹೋಯಿತೆಂದು ರಾಗ ತೆಗೆಯಿತು. ಅದನ್ನು ಕೇಳಿ ಇವರಿಗೆ ನಗು ಬಂತು. ನಗುವಾಗ ಪಾನಕ ಮೀಸೆಗೆಲ್ಲ ಮೆತ್ತಿತು. ಎಲ್ಲರೂ ನಕ್ಕೆವು. ಆ ಒಂದು ಗುಟುಕನ್ನು ಇವರು ಐದು ನಿಮಿಷ ಕುಡಿದರು. ನಾನು ಬಾಟಲಿಯಿಂದ ಏನನ್ನೂ ಚೆಲ್ಲಲಿಲ್ಲ. ಸಂಜೆ ಸರಸ್ವತಕ್ಕ ಕಾಗದದಷ್ಟು ತೆಳ್ಳಗಿನ, ಕಬ್ಬಿನ ಹಾಲಿನ ಸಿಹಿತಿಂಡಿ ತೊಡೆದೇವು ಕೊಟ್ಟರು. ಇವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮಗುವಿನ ಜೊತೆ ಜಗಲಿಯಲ್ಲಿ ಕೂತರು.

ಭಾನುವಾರ ಬಾಟಲಿ ಮತ್ತೆ ತುಂಬಿಸಿಕೊಂಡು ಎಂಟಕ್ಕೆ ಹೊರಟೆವು. ಕೋಣಂದೂರಿನ ರಸ್ತೆಯಲ್ಲಿ ಇವರೇ ‘ಎಡಕ್ಕೆ ತಿರುಗಿಸು’ ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಆ ತಿರುವೇ ಇರಲಿಲ್ಲ. ಮಣ್ಣುರಸ್ತೆ ಒಂದೂವರೆ ಕಿಲೋಮೀಟರ್ ಹೋದ ಮೇಲೆ ಒಂದು ಗದ್ದೆಯ ಮನೆ. ಮಂಜಪ್ಪ ಎಂಬ ರೈತರು ಅಂಗಳದಲ್ಲಿ ಹಗ್ಗ ಸುತ್ತುತ್ತಿದ್ದರು. ಗುರುತು ಹಿಡಿದವರೇ ಒಳಗೆ ತಿರುಗಿ ಕೂಗಿದರು: ‘ಏ ಇವಳೇ, ಚಂದ್ರಣ್ಣ ಬಂದ್ರು, ಕಾಪಿ ಇಡು!’

ನಾನು ಈ ಸಲ ಬಾಯಿ ತೆಗೆಯಲಿಲ್ಲ. ಬೇಕೆಂದೇ ಕಾರಿನ ಬಾಗಿಲಲ್ಲೇ ನಿಂತೆ.

‘ಕಾಫಿ ಬೇಡ ಮಂಜಪ್ಪ’ ಎಂದರು ಇವರು. ‘ನನಗೆ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯೋ ಹಾಗಿಲ್ಲ.’

ಎರಡು ವರ್ಷದಲ್ಲಿ ಆ ಮಾತನ್ನು ಇವರು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಮಂಜಪ್ಪನವರು ಹಗ್ಗ ಕೆಳಗಿಟ್ಟರು. ‘ಅಯ್ಯೋ ದೇವ್ರೇ’ ಎಂದರು. ಆಮೇಲೆ ತಲೆ ಕೆರೆದುಕೊಂಡು, ‘ಹಂಗಾರೆ ಒಂದ್ ಕೆಲ್ಸ ಮಾಡಿ. ನಮ್ ಪಂಪು ನಾಲ್ಕ್ ದಿನದಿಂದ ಏನೇನೋ ಸದ್ದು ಮಾಡ್ತೈತೆ. ಕುಡೀದಿದ್ರೆ ಬಿಡಿ, ಅದನ್ನಾದ್ರೂ ನೋಡಿ ಹೋಗ್ರಿ’ ಎಂದರು.

ಬಾವಿಯ ಹತ್ತಿರ ಮೋಟಾರು ಹಾಕಿದರು. ಇವರು ಎಡಗೈ ಮುಂದೆ ಮಾಡಲಿಲ್ಲ, ಅದು ಡಯಾಲಿಸಿಸ್ ಸೂಜಿಯ ಕೈ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಅದರ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರು. ಅರ್ಧ ನಿಮಿಷ ಕಳೆದು, ‘ಹಿಂದಿನ ಬೇರಿಂಗು. ಹದಿನೈದು ದಿನ ಎಳೀಬಹುದು, ಅಷ್ಟರೊಳಗೆ ಹೊಸದು ಹಾಕಿಸು’ ಎಂದರು. ಆ ದನಿ ನನಗೆ ಮರೆತೇ ಹೋಗಿತ್ತು. ಅದನ್ನು ಕೇಳಿ ಸಂತೋಷ ತಡೆಯಲಾಗದೆ ಬಾವಿಕಟ್ಟೆಯ ಆಚೆ ಹೋಗಿ ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ತೀರ್ಥಹಳ್ಳಿ. ತುಂಗೆಯ ಬಂಡೆಗಳ ಮೇಲೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತೆವು. ಇವರು ಮುಖಕ್ಕೆ ನೀರು ಹಾಕಿಕೊಂಡರು, ಬಾಯಿ ಮುಕ್ಕಳಿಸಿ ಉಗಿದರು. ಅದಕ್ಕೆ ಲೆಕ್ಕವಿಲ್ಲ. ಅಲ್ಲಿಂದ ಅರವತ್ತು ಕಿಲೋಮೀಟರ್, ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆವು. ದಾರಿಯುದ್ದಕ್ಕೂ ಇವರು ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕುತ್ತಾ ಬಂದರು. ಅಂದರೆ ಮೈಯಲ್ಲಿ ಚೈತನ್ಯ ಇದೆ ಎಂದು ಲೆಕ್ಕ.

ಸೋಮವಾರ ಬೆಳಿಗ್ಗೆ ಡಯಾಲಿಸಿಸ್ ಕೋಣೆಯಲ್ಲಿ ತೂಕ ನೋಡಿದ ಟೆಕ್ನಿಷಿಯನ್ ಹುಬ್ಬು ಗಂಟಿಕ್ಕಿದರು. ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಂತು ಏರಬಹುದಾದ ತೂಕದ ಮಿತಿಗಿಂತ ನಾನೂರು ಗ್ರಾಂ ಜಾಸ್ತಿ. ‘ಏನ್ ಸರ್, ಎಲ್ಲೋ ಚೆನ್ನಾಗಿ ಕುಡಿದು ಬಂದಿದ್ದೀರಾ?’ ಎಂದು ಬೈದರು. ಒಪ್ಪಂದದ ಪ್ರಕಾರ ಇದು ಕೆಟ್ಟ ಹಾಗೆಯೇ. ಬಾಯಿ ಮುಚ್ಚಬೇಕಾದ ಸರದಿ ನನ್ನದು ಎಂದುಕೊಂಡು ಸುಮ್ಮನೆ ಕುರ್ಚಿಯಲ್ಲಿ ಕೂತೆ.

ಸೂಜಿ ಚುಚ್ಚಿದ್ದಾಯಿತು, ಯಂತ್ರ ತಿರುಗತೊಡಗಿತು. ಇವರು ಬಲಗೈಯಲ್ಲಿ ಫೋನ್ ತೆಗೆದುಕೊಂಡರು. ನಾನು ಬಗ್ಗಿ ನೋಡಿದೆ. ನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ದಾರಿಯಲ್ಲಿ ಬೆರಳು ನಿಧಾನವಾಗಿ ಸರಿಯುತ್ತಿತ್ತು. ಸಮುದ್ರದ ಹತ್ತಿರ ಬಂದು ನಿಂತಿತು.

‘ಮೇಡಂ’ ಎಂದು ಇವರು ಟೆಕ್ನಿಷಿಯನ್ನರನ್ನು ಕರೆದರು. ‘ಕುಂದಾಪುರದ ಕಡೆ ಬೇರೆ ಊರವರಿಗೂ ಡಯಾಲಿಸಿಸ್ ಮಾಡ್ತಾರಾ? ನೀವೊಂದು ಚೀಟಿ ಬರೆದುಕೊಟ್ರೆ ಸಾಕಾಗುತ್ತಾ? ಇಲ್ಲಿ ಸೋಮವಾರ ಮುಗಿಸಿ ಹೊರಟ್ರೆ, ಬುಧವಾರದ್ದು ಅಲ್ಲಿ ಮಾಡಿಸ್ಕೊಂಡು, ಗುರುವಾರ ಸಂಜೆವರೆಗೂ ಸಮುದ್ರ ನೋಡಬಹುದು.’