ಒಂಟೆಗೆ ಕಟ್ಟಿದ ಡೇರೆ

ಡೇರೆ ನಡೆಯತೊಡಗಿದಾಗ ನಾನು ಅದರೊಳಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಕಾಲೇಜಿನ ಇತಿಹಾಸ ಸಂಘದವರು ಹಳೆಯ ಕೋಟೆಗಳನ್ನು ನೋಡಲು ರಾಜಸ್ಥಾನದ ಮರುಭೂಮಿಗೆ ಹೋಗಿದ್ದೆವು. ಮರಳಿನಲ್ಲಿ ಗೂಟ ನಿಲ್ಲಲಿಲ್ಲ. ಸಾಲಹಳ್ಳಿಯ ಗೆಳತಿ ಗಂಗಾ, "ನಾವು ಎಬ್ಬಿಸೂ ತನಕ ನಮ್ಮ ಎತ್ತು ಏಳೂದಿಲ್ಲ, ಇದೂ ಹಂಗ" ಎಂದು ಡೇರೆಯ ಹಗ್ಗವನ್ನು ಪಕ್ಕದಲ್ಲಿ ಕೂತಿದ್ದ ಒಂಟೆಯ ಜೀನಿಗೆ ಬಿಗಿದಿದ್ದಳು. ಒಕ್ಕಲುತನದ ಮನೆಯವಳಾದ ನಾನೂ ಹೌದೆಂದಿದ್ದೆ.

ಒಂಟೆ ತಾನಾಗಿಯೇ ಎದ್ದು ಹೊರಟಿತು. ಡೇರೆ ಮಗುಚಿ ನನ್ನನ್ನು ಸುತ್ತಿಕೊಂಡಿತು. ಜೋಳದ ಚೀಲದಂತೆ ಮರಳಿನ ಮೇಲೆ ಜಾರುತ್ತ ಮೊದಲು ಬಿದ್ದು ಬಿದ್ದು ನಕ್ಕೆ. ಆಮೇಲೆ ಬಟ್ಟೆಯ ಸಂದಿಯಿಂದ ಬಾವಿ ಕಂಡಿತು. ಬೆಳಿಗ್ಗೆಯಷ್ಟೇ ಇಣುಕಿ ನೋಡಿದ್ದ, ಕಟ್ಟೆಯೇ ಇಲ್ಲದ ಹಳೆಯ ಬಾವಿ. ಒಂಟೆ ಅದರ ಬದಿಯಿಂದ ದಾಟುತ್ತಿತ್ತು. ಹಿಂದೆ ಅಡ್ಡಾದಿಡ್ಡಿ ಜಾರುತ್ತಿದ್ದ ನಾನು ನೇರ ಬಾವಿಯತ್ತ ಹೊರಟಿದ್ದೆ.

ಗಂಗಾ ಓಡಿಬಂದು ಒಂಟೆಯ ಮುಂದೆ ನಿಂತಳು. ಊರಿಂದ ತಂದ ಕಡಕ್ ರೊಟ್ಟಿಯನ್ನು ಕಟಕ್ಕನೆ ಮುರಿದು ಚಾಚಿದಳು.

"ಬಾರೋ ಯಪ್ಪಾ, ನಮ್ಮವ್ವ ಬಡದ ರೊಟ್ಟಿ ಐತಿ. ಅಕೀನ ಆಮ್ಯಾಲ ಜಗ್ಗುವಂತಿ."

ಒಂಟೆ ನಿಂತು ತಿನ್ನತೊಡಗಿತು. ಉಳಿದವರು ಹಗ್ಗ ಬಿಚ್ಚಿ ನನ್ನನ್ನು ಎಳೆದುಕೊಳ್ಳುವಾಗ ನನ್ನ ಕಾಲುಗಳು ಬಾವಿಯೊಳಗೆ ತೂಗುತ್ತಿದ್ದವು. ಅಷ್ಟರಲ್ಲಿ ಒಂಟೆಯನ್ನು ನಿಲ್ಲಿಸಿಕೊಳ್ಳಲು ಎಲ್ಲರ ಬುತ್ತಿಯ ರೊಟ್ಟಿಯೂ ಖಾಲಿಯಾಗಿತ್ತು.

ಇಂದಿಗೂ ಮನೆಯಲ್ಲಿ ಯಾರಾದರೂ ಕಡಕ್ ರೊಟ್ಟಿ ಮುರಿದರೆ, ಆ ಸದ್ದಿಗೆ ನನ್ನ ಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಮರುಕ್ಷಣ ನಗು ಬರುತ್ತದೆ. ನನಗೂ ಒಂದು ತುಂಡು ಕೊಡಿ ಎಂದು ಕೈ ಚಾಚುತ್ತೇನೆ.