ಇಪ್ಪತ್ತರವರೆಗೆ ಎಣಿಸುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಹರೆಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಕಿತ್ತುಹೋಗಿತ್ತಂತೆ. ತುದಿ ಚಪ್ಪಟೆಯಾಗಿ, ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಬೆರಳಿನಿಂದ ವಾಕಿಟಾಕಿಯ ಗುಂಡಿ ಒತ್ತಿಹಿಡಿದು ಅವರು ಇಪ್ಪತ್ತರವರೆಗೆ ಎಣಿಸುವುದನ್ನು ಆರು ವರ್ಷ ಬೆಳಿಗ್ಗೆ ಬೆಳಿಗ್ಗೆ ನೋಡಿದ್ದೇನೆ.

ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನ ಆಫೀಸಿನಲ್ಲಿ ನಾನು ಕ್ಲರ್ಕ್. ಅವರು ತೋಟಕ್ಕೆ ಕಾಡಾನೆ ಬಂದರೆ ಎಚ್ಚರಿಸುವ ವಾಚರ್, ಕರಿಕೆ ಊರಿನ ಕಡೆಯವರು. ನಾನು ವಾಚರಣ್ಣ ಎಂದು ಕರೆಯುತ್ತಿದ್ದೆ, ಅವರಿಗೆ ನಾನು ತಂಗಿ. ಬಸ್‌ಸ್ಟಾಪಿನಿಂದ ಆಫೀಸಿಗೆ ತೋಟದೊಳಗೇ ನಡೆಯಬೇಕು. ಕೆಲಸಕ್ಕೆ ಸೇರಿದ ವಾರ ನಾನು ಹೆದರಿದ್ದನ್ನು ಕಂಡು, ಅಂದಿನಿಂದ ಅವರು ಸ್ಟಾಪಿಗೇ ಬಂದು ನಿಲ್ಲುತ್ತಿದ್ದರು. ಮುಂದೆ ಅವರು, ಹತ್ತು ಹೆಜ್ಜೆ ಹಿಂದೆ ನಾನು. ದಾರಿಯಲ್ಲಿ ಆನೆ ಲದ್ದಿ ಬಿದ್ದಿದ್ದರೆ ಅದೇ ಹೆಬ್ಬೆರಳಿನಿಂದ ಮುಟ್ಟಿ, “ತಣ್ಣಗಾಗಿದೆ, ಬಾ” ಎನ್ನುತ್ತಿದ್ದರು.

ಎಸ್ಟೇಟಿನಲ್ಲಿ ಮೂರು ವಾಕಿಟಾಕಿ ಸೆಟ್ಟುಗಳಿದ್ದವು. ಒಂದು ಅವರಿಗೆ, ಒಂದು ಕಾಫಿ ಕೊಯ್ಯುವವರ ಮೇಸ್ತ್ರಿಗೆ, ಒಂದು ನನ್ನ ಮೇಜಿಗೆ. ಸಂಜೆ ಚಾರ್ಜಿಗೆ ಹಾಕುವುದು, ಬೆಳಿಗ್ಗೆ ತೆಗೆದುಕೊಡುವುದು ನನ್ನ ಕೆಲಸ. ಸೆಟ್ಟಿನ ಪುಟ್ಟ ಪರದೆಯಲ್ಲಿ ಬ್ಯಾಟರಿಯ ಚಿತ್ರ, ಅದರೊಳಗೆ ಮೂರು ಕಡ್ಡಿ. ಮೂರೂ ಇದ್ದರೆ ಬ್ಯಾಟರಿ ತುಂಬಿದೆ ಎಂದರ್ಥ. ವಾಚರಣ್ಣ ಅದನ್ನು ನಂಬುತ್ತಿರಲಿಲ್ಲ. ಗುಂಡಿ ಒತ್ತಿ ಎಣಿಸುತ್ತಾ, ಕಡ್ಡಿಗಳ ಮೇಲೆಯೇ ಕಣ್ಣಿಟ್ಟಿರುತ್ತಿದ್ದರು. ಮಾತಾಡುವಾಗ ಸೆಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಬ್ಯಾಟರಿ ಹಳತಾಗಿದ್ದರೆ ಆಗಲೇ ಕಡ್ಡಿಗಳು ಒಂದೊಂದಾಗಿ ಬೀಳುತ್ತವೆ.

“ಸುಮ್ನೆ ಇರುವಾಗ ಎಲ್ರೂ ಗಟ್ಟಿಯೇ ತಂಗಿ. ಬಾಯಿ ಬಿಡ್ಸಿ ನೋಡ್ಬೇಕು” ಎನ್ನುತ್ತಿದ್ದರು.

ಒಂದು ದಿನ ತಮಿಳಿನಲ್ಲಿ ಎಣಿಸಿದರೆ ಮರುದಿನ ಮಲಯಾಳದಲ್ಲಿ. ಹಾಜರಿಗೆ ನಿಂತ, ಕೂಲಿಯವರ ಲೈನ್‌ಮನೆಯ ಹೆಂಗಸರು ಸುಮ್ಮನಿರುತ್ತಿರಲಿಲ್ಲ.

“ಅಣ್ಣಾ, ಹದಿನೇಳು ತಪ್ಪಿತು, ಮೊದ್ಲಿಂದ ಹೇಳಿ!”

“ನಾಳೆ ಹಿಂದಿಯಲ್ಲಿ ಹೇಳಿ, ಆನೆಗೂ ಸ್ವಲ್ಪ ಅರ್ಥ ಆಗ್ಲಿ.”

“ಆನೆ ಓಡ್ಸೋಕೆ ನಿನ್ನ ಬಾಯಿ ಒಂದೇ ಸಾಕು ಮಾರಾಯ್ತಿ, ಸೆಟ್ಟೇ ಬೇಡ” ಎಂದು ಅವರೂ ಬಿಡುತ್ತಿರಲಿಲ್ಲ.

ಒಮ್ಮೆ ನನ್ನ ಮೊಬೈಲು ಮೂವತ್ತು ಪರ್ಸೆಂಟ್ ತೋರಿಸುತ್ತಿದ್ದಾಗಲೇ ಆರಿಹೋಯಿತು. ನಾನು ಬೈದುಕೊಂಡಾಗ ಅವರು ನಕ್ಕರು. “ಅದು ಅಳೆದು ಹೇಳುದಲ್ಲ ತಂಗಿ, ಅಂದಾಜಿಗೆ ಹೇಳುದು. ನಿನ್ನ ಹಾಗೆ ಓದಿದ್ದಲ್ವಾ, ಅದಕ್ಕೇ ಅಷ್ಟು ಧೈರ್ಯವಾಗಿ ಹೇಳ್ತದೆ.”

ಸೆಟ್ಟುಗಳ ಬ್ಯಾಟರಿ ಬದಲಾಯಿಸಬೇಕೆಂದು ಅವರು ಎರಡು ಸಲ ಹೇಳಿದ್ದರು. ನಾನು ಮ್ಯಾನೇಜರಿಗೆ ಬರೆದು ಕಳಿಸಿದ್ದೆ. ಮುಂದಿನ ತಿಂಗಳು ನೋಡೋಣ ಎಂಬ ಉತ್ತರ ಬಂದಿತ್ತು. ಮೂರನೆಯ ಸಲ ನಾನು ಬರೆಯಲಿಲ್ಲ.

ಕಾಫಿ ಪಿಕ್ಕಿಂಗ್ ಜೋರಾಗಿದ್ದ ಜನವರಿಯ ಒಂದು ಬೆಳಿಗ್ಗೆ. ಮಂಜು ಇನ್ನೂ ಕರಗಿರಲಿಲ್ಲ. ನನ್ನ ಬಸ್ಸು ತಡವಾಗಿತ್ತು, ನನಗಾಗಿ ಕಾದು ಅವರಿಗೂ ತಡವಾಗಿತ್ತು. ಮೇಸ್ತ್ರಿ ತನ್ನ ಸೆಟ್ಟನ್ನು ತಾನೇ ತೆಗೆದುಕೊಂಡಿದ್ದ, ಕೊಯ್ಯುವವರು ಅವನ ಜೊತೆ ಆಗಲೇ ಮೇಲಿನ ಪ್ಲಾಟಿಗೆ ಹೋಗಿಬಿಟ್ಟಿದ್ದರು. ನಾನು ಅವಸರದಲ್ಲಿ ವಾಚರಣ್ಣನ ಸೆಟ್ಟು ತೆಗೆದು ನೋಡಿ ಅವರಿಗೆ ಕೊಟ್ಟೆ. ಮೂರೂ ಕಡ್ಡಿ ಇದ್ದವು. ಅವರು ಗುಂಡಿಯ ಮೇಲೆ ಬೆರಳಿಟ್ಟರು.

“ಫುಲ್ ಇದೆ ವಾಚರಣ್ಣ, ನಾನು ನೋಡಿದ್ದೀನಿ. ಇವತ್ತು ಎಣಿಸೋದು ಬೇಡ, ಹೊತ್ತಾಯ್ತು.”

ಅವರು ಸೆಟ್ಟನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. “ನೀನು ನೋಡಿದ್ದೀಯಲ್ಲ, ಹಾಗಾದ್ರೆ ಆಯ್ತು” ಎಂದು ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಒಂಬತ್ತರ ಹೊತ್ತಿಗೆ ನನ್ನ ಮೇಜಿನ ಸೆಟ್ಟು ಗರಗರ ಎಂದಿತು. “ತಂಗಿ, ಮೇಲಿನ—”

ಅಷ್ಟೇ. ಎರಡು ಸಲ ಕರೆದೆ, ಉತ್ತರವಿಲ್ಲ. ಗುಡ್ಡದ ಆಚೆಗೆ ಇಳಿದರೆ ಸಿಗ್ನಲ್ ತಪ್ಪುವುದುಂಟು. ಹಾಗೇ ಇರಬೇಕು ಎಂದುಕೊಂಡೆ. ಬ್ಯಾಟರಿಯ ಯೋಚನೆಯೇ ಬರಲಿಲ್ಲ. ಮೂರು ಕಡ್ಡಿಯನ್ನು ನಾನೇ ನೋಡಿದ್ದೆನಲ್ಲ. ಹಾಜರಿ ಪುಸ್ತಕ ತೆರೆದು ಹೆಸರು ಬರೆಯುತ್ತಾ ಕುಳಿತೆ.

ಒಂಟಿ ಸಲಗ ಮೇಲಿನ ಪ್ಲಾಟಿನತ್ತ ತಿರುಗಿದ್ದನ್ನು ಅವರು ಎದುರಿನ ಏರಿನಿಂದ ಕಂಡಿದ್ದರು. ಮೇಸ್ತ್ರಿಯ ಸೆಟ್ಟು ಸರಿಯಿತ್ತು. ಅವರ ಸೆಟ್ಟು ನಡೆದಿದ್ದರೆ ನಿಂತಲ್ಲಿಂದಲೇ ಹೇಳಬಹುದಿತ್ತು. ನಡೆಯದ್ದರಿಂದ ನಡುವಿನ ತೋಡಿನ ನೀರು ದಾಟಿ, ಕೂಗುತ್ತಾ ಓಡಿದರು. ಹದಿನೇಳು ತಪ್ಪಿತು ಎಂದು ರೇಗಿಸುತ್ತಿದ್ದ ಹೆಂಗಸು ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಕುಳಿತು ಹೇಳಿದಳು: “ಓಡಿ ಓಡಿ ಅಂತ ಕೂಗ್ತಾನೇ ಬಂದ್ರು. ನಾವು ಓಡಿದ್ವಿ. ಆಮೇಲೆ ಕೂಗು ನಿಂತ್ಹೋಯ್ತು.”

ಕೊಯ್ಯುವವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಎರಡು ದಿನದ ಮೇಲೆ ಅವರ ಸೆಟ್ಟು ಮಣ್ಣು ಮೆತ್ತಿಕೊಂಡು ನನ್ನ ಮೇಜಿಗೆ ಬಂತು. ಒರೆಸಿ, ಆನ್ ಮಾಡಿದೆ. ಮೂರು ಕಡ್ಡಿ ತೋರಿಸಿತು. ಗುಂಡಿ ಒತ್ತಿ ಎಣಿಸಲು ಶುರುಮಾಡಿದೆ. ಒಂದು, ಎರಡು. ಪರದೆ ಕಪ್ಪಾಯಿತು.

ಮರುವಾರ ಹೊಸ ಬ್ಯಾಟರಿಗಳು ಬಂದವು. ಈಗ ಮೂರು ಸೆಟ್ಟಿನಲ್ಲೂ ನಾನೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹಾಜರಿಗೆ ನಿಂತವರು ಯಾರೂ ನಗುವುದಿಲ್ಲ.

ಅವರ ಕೋಟು, ಟಾರ್ಚು, ಊಟದ ಡಬ್ಬಿ ತೆಗೆದುಕೊಂಡು ಹೋಗಲು ಅವರ ಹೆಂಡತಿ ಬಂದಿದ್ದರು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಕೇಳಿದರು: “ಆ ದಿನ ಸೆಟ್ಟು ಸರಿ ಇತ್ತಾ ತಂಗಿ?”

“ಮೂರು ಕಡ್ಡಿ ಇತ್ತು ಅಕ್ಕ” ಎಂದೆ.

ಅವರು ತಲೆಯಾಡಿಸಿ ಹೋದರು. ಅವರನ್ನು ಬಸ್‌ಸ್ಟಾಪಿನವರೆಗೆ ಬಿಟ್ಟುಬರಲು ಅಂದು ಯಾರೂ ಇರಲಿಲ್ಲ. ಎಣಿಸಬೇಡಿ ಎಂದವಳು ನಾನೇ ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.