ತಡಕಮ್ಮ ಹಿಡಿದ ಮಾಲು

ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಸಂಜೆ ಮನೆಗೆ ಹೊರಟ ಹೆಂಗಸರ ಮೈ ತಡಕಿ, ಚೀಲ ಕೊಡವಿ ನೋಡಿ ಹೊರಗೆ ಬಿಡುವುದು ಅವಳ ಕೆಲಸವಾಗಿತ್ತು. ಹುಡುಗಿಯರು ಇಟ್ಟ ಹೆಸರು ತಡಕಮ್ಮ. ಎದುರಿಗೆ ಹಾಗೆನ್ನುವ ಧೈರ್ಯ ಯಾರಿಗಿತ್ತು! ತುರುಬಿನೊಳಗೆ ಬಚ್ಚಿಟ್ಟ ಗುಂಡಿಗಳನ್ನೂ ಎಳೆದು ತೆಗೆದವಳು ಅವಳು. ನಗುನಗುತ್ತ ಬಂದು ಕೈ ಅದುಮಿ “ಊಟ ಆಯ್ತಾ ಅಕ್ಕಾ?” ಎಂದವರನ್ನು ಎರಡು ಸಲ ತಡಕುತ್ತಿದ್ದಳು.

ಕೆಲಸ ಬಿಟ್ಟರೂ ಬುದ್ಧಿ ಬಿಡಬೇಕಲ್ಲ! ಹಾಲಿನವನ ಅಳತೆ, ಪಕ್ಕದ ಮನೆಯವರ ನಗು, ಎಲ್ಲದರ ಮೇಲೂ ಗುಮಾನಿ. ಎಲ್ಲಕ್ಕಿಂತ ಹೆಚ್ಚಾಗಿ ಸೊಸೆಯ ಮೇಲೆ. ಸೊಸೆಯದು ಮಾತು ಕಡಿಮೆ. ಬಾಯಿ ಬಿಡದವರು ಏನನ್ನೋ ಮುಚ್ಚಿಟ್ಟಿರುತ್ತಾರೆ ಎಂಬುದು ತಡಕಮ್ಮನ ಲೆಕ್ಕ.

ಇಂಥವಳ ಕಣ್ಣಿಗೇ ಮಣ್ಣೆರಚಿ ಶ್ವಾಸಕೋಶದಲ್ಲೊಂದು ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಮೊದಲು ಕೊಟ್ಟ ಔಷಧಿಗೆ ಅದು ಜಗ್ಗಲಿಲ್ಲ.

“ಅದ್ಹೇಗೆ ಡಾಕ್ಟ್ರಮ್ಮಾ? ಮೈಯೊಳಗೆ ಕಾವಲು ಅನ್ನೋದು ಇರಲ್ವಾ?” ಎಂದು ತಡಕಮ್ಮ ಜಗಳಕ್ಕೇ ನಿಂತಳು.

ಡಾಕ್ಟರಮ್ಮ ನಕ್ಕಳು. “ಇರತ್ತಮ್ಮ. ಕಾವಲು ಕಣಗಳು ಮೈಯೆಲ್ಲ ಓಡಾಡ್ತಾನೇ ಇರ್ತವೆ. ಆದ್ರೆ ಗಡ್ಡೆ ನಿಮ್ಮ ಮೈಯಲ್ಲೇ ಹುಟ್ಟಿದ್ದು, ನೋಡೋಕೆ ಮನೆಯವರ ಹಾಗೇ ಇರತ್ತೆ. ಸಾಲದ್ದಕ್ಕೆ, ನಿಮ್ಮ ಗೇಟಲ್ಲಿ ಕೈ ಅದುಮ್ತಿದ್ರು ಅಂದ್ರಲ್ಲ, ಹಾಗೇ ಕಾವಲು ಕಣದ ಕೈ ಅದುಮತ್ತೆ. ನಮ್ಮವರ ಮೇಲೆ ಬೀಳಬಾರದು ಅಂತ ದೇಹ ಇಟ್ಕೊಂಡಿರೋ ಗುರುತು ಅದು. ಕಾವಲಿನವನು ಸುಮ್ಮನಾಗಿಬಿಡ್ತಾನೆ.”

“ಥೂ, ಕಳ್ಳ ಮುಂಡೇದು!”

“ಈಗ ಕೊಡೋ ಡ್ರಿಪ್ ತಾನಾಗಿ ಗಡ್ಡೆಯನ್ನ ಕೊಲ್ಲಲ್ಲ. ಕಾವಲಿನವನ ಕೈಗೆ ಗ್ಲೌಸ್ ಹಾಕತ್ತೆ ಅಷ್ಟೆ. ಅದುಮಿದ್ದು ಗೊತ್ತಾಗ್ದೆ ಅವನು ಕಳ್ಳನ ಮೇಲೆ ಬೀಳ್ತಾನೆ. ಎಲ್ಲರಿಗೂ ಇದು ಕೆಲಸ ಮಾಡಲ್ಲ, ನೋಡೋಣ. ಆದ್ರೆ ಒಂದು ತಾಪತ್ರಯ. ನಿಜವಾದ ಮನೆಯವರು ಅದುಮಿದ್ರೂ ಅವನಿಗೆ ಗೊತ್ತಾಗಲ್ಲ. ಚರ್ಮನೋ ಕರುಳೋ, ಯಾವುದರ ಮೇಲಾದ್ರೂ ಬೀಳಬಹುದು. ಭೇದಿ ಶುರುವಾದ್ರೆ ಅವತ್ತೇ ಫೋನ್ ಮಾಡಿ.”

ತಡಕಮ್ಮ ತಲೆಯಾಡಿಸಿದಳು. ಕಿವಿಗೆ ಹೋದದ್ದು ಕಳ್ಳ ಸಿಕ್ಕಿಬೀಳುವ ಭಾಗ ಮಾತ್ರ.

ಡ್ರಿಪ್ ಶುರುವಾಯಿತು. ಕೆಮ್ಮು ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಸುಸ್ತೆಂದು ಅಡುಗೆಮನೆಯನ್ನು ಮಾತ್ರ ಸೊಸೆಗೆ ಬಿಟ್ಟುಕೊಟ್ಟಳು. ಆ ವಾರವೇ ಹೊಟ್ಟೆ ಕೆಟ್ಟಿತು. ಇನ್ನೇನು ಬೇಕು! ಸೊಸೆ ಹಿತ್ತಿಲಲ್ಲಿ ನಿಂತು ಯಾರಿಗೋ ಫೋನಿನಲ್ಲಿ ಪಿಸುಗುಡುವುದೂ, ಅತ್ತೆಯನ್ನು ಕಂಡೊಡನೆ ಮಾತು ನಿಲ್ಲಿಸುವುದೂ ಅವಳ ಕಣ್ಣಿಗೆ ಬಿತ್ತು. ಇವಳು ನನ್ನನ್ನು ಮುಗಿಸಲು ಹೊರಟಿದ್ದಾಳೆ ಎಂದು ತಡಕಮ್ಮ ತೀರ್ಮಾನಿಸಿಯೇಬಿಟ್ಟಳು.

ಸೊಸೆ ಮಾಡಿದ ಗಂಜಿಯನ್ನು ಕದ್ದು ಮೋರಿಗೆ ಚೆಲ್ಲಿ ಅಂಗಡಿಯ ಬನ್ ತಿಂದಳು. ಭೇದಿ ನಿಲ್ಲಲಿಲ್ಲ. ಅಯ್ಯೋ ಪುಣ್ಯಾತ್ಗಿತ್ತಿ, ಆಗಲಾದರೂ ಯೋಚಿಸಬಾರದೇ? ಬನ್ನಿಗೂ ಏನೋ ಮಾಡಿದ್ದಾಳೆ ಎಂದುಕೊಂಡಳು!

ಹೋಗಲಿ, ಯಾರಿಗಾದರೂ ಹೇಳಿದಳೇ? ಇಲ್ಲ. ಕದ್ದ ಮಾಲು ಕೈಗೆ ಸಿಗದೆ ಯಾರ ಮೇಲೂ ಬಾಯಿ ಬಿಡಬಾರದು ಎಂಬುದು ಗೇಟಿನ ಕಟ್ಟಳೆ. “ಹೊಟ್ಟೆ ಸರಿ ಇದೆಯಾ ಅತ್ತೆ?” ಎಂದು ಸೊಸೆ ದಿನಾ ಕೇಳಿದರೂ “ಕಲ್ಲು ತಿಂದು ಕರಗಿಸ್ತೀನಿ” ಎನ್ನುತ್ತಿದ್ದಳು. ಮುಂದಿನ ಡ್ರಿಪ್ಪಿಗೆ ಇನ್ನೂ ದಿನವಿರುವಾಗಲೇ ಆಸ್ಪತ್ರೆಯಿಂದ ಕರೆ ಬಂತು. ತಡಕಮ್ಮ ಗಂಜಿಯನ್ನು ಪುಟ್ಟ ಸ್ಟೀಲ್ ಡಬ್ಬಿಗೆ ತುಂಬಿ, ಸೆರಗಿನ ಮರೆಯಲ್ಲಿ ಹಿಡಿದು, ಸೊಸೆಯ ತೋಳಿನ ಆಸರೆಯಲ್ಲೇ ಆಟೋ ಹತ್ತಿದಳು.

ನೀರು ತರುವ ನೆಪ ಹೇಳಿ ಸೊಸೆಯನ್ನು ಹೊರಗೆ ಕಳಿಸಿದವಳೇ ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದಳು.

“ಟೆಸ್ಟ್ ಮಾಡ್ಸಿ. ಸೊಸೆ ಏನೋ ಬೆರೆಸ್ತಿದ್ದಾಳೆ. ವಾರದ ಮೇಲಾಯ್ತು, ಭೇದಿ ನಿಂತಿಲ್ಲ.”

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಎದ್ದು ಬಂದು ಹೊಟ್ಟೆ ಒತ್ತಿ ನೋಡಿ ಸಿಡುಕಿದಳು. “ಗಂಜಿಯಲ್ಲಿ ಏನೂ ಇಲ್ಲಮ್ಮ! ನಿಮ್ಮ ಕಾವಲು ಕಣಗಳೇ ನಿಮ್ಮ ಕರುಳನ್ನ ಕಳ್ಳ ಅಂದ್ಕೊಂಡು ಮೇಲೆ ಬಿದ್ದಿವೆ. ಇನ್ನೂ ಬಿಟ್ಟಿದ್ರೆ ಕರುಳು ತೂತು ಬಿದ್ದು ಪ್ರಾಣವೇ ಹೋಗ್ತಿತ್ತು. ಅಲ್ಲಿ ಗಡ್ಡೆ ಕರಗ್ತಾ ಇದೆ, ಇಲ್ಲಿ ನೀವು ಹೀಗಾ ಮಾಡೋದು?”

ತಡಕಮ್ಮ ಪಟ್ಟು ಬಿಡಲಿಲ್ಲ. “ಮತ್ತೆ ಆ ಪಿಸಪಿಸ ಫೋನು?”

“ನನಗೇ! ಅತ್ತೆ ಇಳಿದುಹೋಗಿದ್ದಾರೆ, ಕೇಳಿದ್ರೆ ಏನೂ ಹೇಳಲ್ಲ, ಹೇಗಾದ್ರೂ ಮಾಡಿ ನೀವೇ ಕರೆಸಿ ಅಂತ ಅತ್ತಳು ಆ ಹುಡುಗಿ.”

ಬಾಗಿಲಲ್ಲಿ ಸೊಸೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ಮೇಜಿನ ಕಡೆ ನೋಡಿ, “ಈ ಡಬ್ಬಿ ಎಲ್ಹೋಯ್ತು ಅಂತ ಹುಡುಕ್ತಾ ಇದ್ದೆ ಅತ್ತೆ” ಎಂದಳು, ಅಷ್ಟೇ.

ಡ್ರಿಪ್ ನಿಲ್ಲಿಸಿ ತಡಕಮ್ಮನನ್ನು ವಾರ್ಡಿಗೆ ಸೇರಿಸಿದರು. ಕೆರಳಿದ ಕಾವಲನ್ನು ತಣಿಸಲು ಸ್ಟಿರಾಯ್ಡ್ ಕೊಟ್ಟರು. ಮತ್ತೆ ಆ ಡ್ರಿಪ್ ಕೊಡಬಹುದೋ ಇಲ್ಲವೋ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಕರುಳು ತಣ್ಣಗಾದ ಮೇಲೆ ಗಂಜಿ ಕೊಡಬಹುದೆಂದರು. ಸೊಸೆ ಅದೇ ಡಬ್ಬಿಯಲ್ಲಿ ತಂದಳು. ಮುಚ್ಚಳ ತೆಗೆದು, ಒಂದು ಚಮಚ ಅತ್ತೆಯ ಎದುರೇ ತಾನು ತಿಂದು, ಬಾಯಿ ತೆರೆದು ತೋರಿಸಿ, ಆಮೇಲೆ ಚಮಚ ತೊಳೆದು ಚಾಚಿದಳು.

“ತಗೊಳ್ಳಿ ಅತ್ತೆ. ಚೆಕ್ ಆಯ್ತು.”

ತಡಕಮ್ಮ ಆ ಕೈಯನ್ನೇ ಹಿಡಿದುಕೊಂಡಳು. “ನನ್ನ ಮುಂದೆ ಹಂಗೆ ತಿನ್ಬೇಡ ಕಣೇ, ನನ್ನಮ್ಮಾ” ಎಂದು ಅತ್ತಳು.

ಸೊಸೆ ಅವಳ ಕಣ್ಣೊರೆಸಿದಳು, ತಲೆದಿಂಬು ಸರಿಮಾಡಿದಳು. ಮರುದಿನವೂ ಗಂಜಿ ತಂದಳು, ಮೊದಲ ಚಮಚವನ್ನು ತಾನೇ ತಿಂದಳು.